ಮಾಡಿದ್ದು ಯಾರು, ಉಣ್ಣುವವರು ಯಾರು?

ಲಿವರ್‌ಪೂಲ್ ನಗರದ ಇಮ್ಯಾಜಿನ್ ಸಾಫ್ಟ್‌ವೇರ್ ಎಂಬ ಕಂಪನಿಯನ್ನು ಮುಚ್ಚಿ ಲೆಕ್ಕ ಚುಕ್ತಾ ಮಾಡಬೇಕೆಂದು 1984ರ ಜುಲೈ 9ರಂದು ಲಂಡನ್ನಿನ ಹೈಕೋರ್ಟು ಆದೇಶಿಸಿತು. ಕೋರ್ಟಿನ ಮೆಟ್ಟಿಲು ಹತ್ತಿದ್ದು ವಿಎನ್‌ಯು ಎಂಬ ಪತ್ರಿಕಾ ಪ್ರಕಾಶನ ಸಂಸ್ಥೆ. ಅದರ ‘ಪರ್ಸನಲ್ ಕಂಪ್ಯೂಟರ್ ಗೇಮ್ಸ್’ ಪತ್ರಿಕೆಯಲ್ಲಿ ಹಾಕಿಸಿಕೊಂಡ ಜಾಹೀರಾತುಗಳಿಗೆ ಇಮ್ಯಾಜಿನ್ ಸುಮಾರು 10,000 ಪೌಂಡ್ ಬಾಕಿ ಉಳಿಸಿಕೊಂಡಿತ್ತು. ಎರಡೇ ವರ್ಷ ಬದುಕಿದ, ವಿಡಿಯೋ ಗೇಮ್‌ಗಳ ಕ್ಯಾಸೆಟ್ ಮಾರುತ್ತಿದ್ದ ಕಂಪನಿಗೂ ತತ್ತ್ವಶಾಸ್ತ್ರಕ್ಕೂ ಎತ್ತಣ ನಂಟು ಎಂದು ಯಾರಾದರೂ ಕೇಳಬಹುದು. ನಂಟಿದೆ. ಮಾಡಿದವನೇ ಇಲ್ಲವಾದ ಮೇಲೆ ಮಾಡಿದ್ದರ ಫಲ ಯಾರಿಗೆ ಸೇರಬೇಕು ಎಂಬುದು ನಮ್ಮ ದರ್ಶನಕಾರರು ಶತಮಾನಗಳ ಕಾಲ ಹಟ ಹಿಡಿದು ವಾದಿಸಿದ ಪ್ರಶ್ನೆ. ಮನುಷ್ಯರ ಮಟ್ಟಿಗೆ ಅದನ್ನು ಪರೀಕ್ಷಿಸಿ ನೋಡುವ ದಾರಿಯಿಲ್ಲ. ಸಾವಿನಾಚೆಗೆ ಹೋಗಿ ಬಂದು ವರದಿ ಒಪ್ಪಿಸಿದವರಿಲ್ಲ. ಕಂಪನಿಯ ಮಾತು ಬೇರೆ. ಕಾನೂನು ಅದನ್ನು ವ್ಯಕ್ತಿ ಎನ್ನುತ್ತದೆ, ಅದು ಹುಟ್ಟುತ್ತದೆ, ಮಾತು ಕೊಡುತ್ತದೆ, ಸಾಲ ಮಾಡುತ್ತದೆ, ಸಾಯುತ್ತದೆ. ಸತ್ತ ಮೇಲೆ ಅದರದ್ದು ಯಾವುದು ಎಲ್ಲಿಗೆ ಹೋಯಿತು ಎಂಬುದಕ್ಕೆ ದಾಖಲೆಯೂ ಸಿಗುತ್ತದೆ. ಪ್ರಶ್ನೆಯನ್ನು ಹಗಲು ಬೆಳಕಿನಲ್ಲಿ ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಪ್ರಸಂಗ ನನಗೆ ಹೊಳೆಯುವುದಿಲ್ಲ.

ಇಮ್ಯಾಜಿನ್ ಹುಟ್ಟಿದ್ದು 1982ರಲ್ಲಿ. ಸಿಂಕ್ಲೇರ್ ಸಂಸ್ಥೆಯ ಜಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಅಗ್ಗದ ಗೃಹ ಕಂಪ್ಯೂಟರ್ ಬ್ರಿಟನ್ನಿನ ಮನೆಗಳಿಗೆ ನುಗ್ಗಿದ ವರ್ಷ ಅದು. ಲಿವರ್‌ಪೂಲಿನದೇ ಆದ ಬಗ್-ಬೈಟ್ ಕಂಪನಿಯಲ್ಲಿದ್ದ ಮಾರ್ಕ್ ಬಟ್ಲರ್ ಮತ್ತು ಡೇವಿಡ್ ಲಾಸನ್ ಎಂಬ ಯುವಕರು ಹೊರಬಂದು ಇದನ್ನು ಕಟ್ಟಿದರು. ಆ ಊರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸಿ ಪಳಗಿದ್ದ ಬ್ರೂಸ್ ಎವರಿಸ್ ವ್ಯವಹಾರ ನೋಡಿಕೊಳ್ಳಲು ಸೇರಿಕೊಂಡರು. ಮೊದಲ ಆಟ ‘ಆರ್ಕೇಡಿಯಾ’ ಚೆನ್ನಾಗಿ ಮಾರಾಟವಾಯಿತು. ಬಳಿಕ ‘ಆ ಡಿಡಮ್ಸ್’, ‘ಜೂಮ್’, ‘ಜಂಪಿಂಗ್ ಜ್ಯಾಕ್’, ‘ಆಲ್ಕೆಮಿಸ್ಟ್’ ಹೀಗೆ ಒಂದರ ಹಿಂದೆ ಒಂದು ಬಂದವು. ಕೆಲವು ನಿಜಕ್ಕೂ ಚುರುಕಾದ ಆಟಗಳು; ಇನ್ನು ಕೆಲವು, ‘ಸ್ಟಾಂಕರ್ಸ್’ ಎಂಬ ಯುದ್ಧದಾಟದ ಮೊದಲ ಪ್ರತಿಗಳಂತೆ, ನಡುವೆಯೇ ಕೆಟ್ಟು ನಿಲ್ಲುವಷ್ಟು ಅವಸರದವು. ಆದರೆ ಇಮ್ಯಾಜಿನ್ ಹೆಸರು ಮಾಡಿದ್ದು ಆಟಗಳಿಂದ ಎಷ್ಟೋ ಸುದ್ದಿಯಿಂದಲೂ ಅಷ್ಟೇ. ಕಾರು ಓಡಿಸುವ ಪರವಾನಗಿ ಸಿಗುವ ವಯಸ್ಸಾಗುವ ಮೊದಲೇ ಹದಿಹರೆಯದ ಪ್ರೋಗ್ರಾಮರ್ ಯೂಜೀನ್ ಇವಾನ್ಸ್ ವರ್ಷಕ್ಕೆ 35,000 ಪೌಂಡ್ ಗಳಿಸುತ್ತಾನೆ ಎಂದು ಪತ್ರಿಕೆಗಳು ಬರೆದವು. ನಿರುದ್ಯೋಗ ಕಿತ್ತು ತಿನ್ನುತ್ತಿದ್ದ ಬಂದರು ನಗರಕ್ಕೆ ಅಂಥ ಸುದ್ದಿ ಬೇಕಾಗಿತ್ತು, ಸುದ್ದಿಗೆ ಅಂಥ ಕಂಪನಿ ಬೇಕಾಗಿತ್ತು. ಸಂಬಳದ ಅಂಕಿ ಉಬ್ಬಿಸಿದ್ದೆಂಬ ಮಾತು ಹೊರಬಂದದ್ದು ಆಮೇಲೆ.

ಕುಸಿತದ ವಿವರಗಳು ಬೋಧಪ್ರದ. 1983ರ ಕ್ರಿಸ್‌ಮಸ್ ಹೊತ್ತಿಗೆ ಪ್ರತಿಸ್ಪರ್ಧಿಗಳಿಗೆ ಕ್ಯಾಸೆಟ್ ನಕಲು ಮಾಡಿಸಿಕೊಳ್ಳಲು ಜಾಗವೇ ಸಿಗದಿರಲಿ ಎಂದು ನಕಲು ಕಾರ್ಖಾನೆಗಳ ಸಮಯವನ್ನು ಇಮ್ಯಾಜಿನ್ ಮುಂಗಡ ಕಾದಿರಿಸಿತು. ಕೊನೆಗೆ ತನ್ನದೇ ಕ್ಯಾಸೆಟ್‌ಗಳು ಮಾರಾಟವಾಗದೆ ರಾಶಿ ಬಿದ್ದವು. ಅದೇ ಹೊತ್ತಿಗೆ ‘ಮೆಗಾಗೇಮ್’ ಎಂಬ ಹೊಸ ಜಾತಿಯ ಆಟಗಳನ್ನು ಕೊಡುತ್ತೇವೆಂದು ಪುಟಗಟ್ಟಲೆ ಜಾಹೀರಾತು ಶುರುವಾಯಿತು. ‘ಸೈಕ್ಲಾಪ್ಸ್’ ಮತ್ತು ‘ಬ್ಯಾಂಡರ್‌ಸ್ನ್ಯಾಚ್’ ಅವುಗಳ ಹೆಸರು. ಕಂಪ್ಯೂಟರಿನ ಸ್ಮರಣಶಕ್ತಿ ಹಿಗ್ಗಿಸುವ ಒಂದು ಉಪಕರಣವೂ ಆಟದ ಜೊತೆಗೆ ಬರಲಿತ್ತು, ಬೆಲೆ 40 ಪೌಂಡಿನ ಆಸುಪಾಸು. ಆಗ ಮಾಮೂಲಿ ಆಟವೊಂದು ಐದಾರು ಪೌಂಡಿಗೆ ಸಿಗುತ್ತಿತ್ತು. ಜಾಹೀರಾತಿನಲ್ಲಿ ಆಟದ ಚಿತ್ರವಿರಲಿಲ್ಲ, ಆಟ ಬರೆಯುತ್ತಿರುವ ನಾಲ್ವರು ಪ್ರೋಗ್ರಾಮರುಗಳ ಭಾವಚಿತ್ರವಿತ್ತು. (ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರಿಗೆ ಇದು ರುಚಿಸುತ್ತಿತ್ತು: ಮುಂದೆ ಹುಟ್ಟಲಿರುವ ವಸ್ತುವಿನ ಈಗಿನ ಇಲ್ಲದಿರುವಿಕೆ ಪ್ರಾಗಭಾವ, ಎಂದೆಂದಿಗೂ ಇಲ್ಲದ್ದು ಅತ್ಯಂತಾಭಾವ, ಜಾಹೀರಾತು ನೋಡುವವನಿಗೆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.) ಹೊಸ ಉದ್ಯಮದ ಯಶಸ್ಸನ್ನು ತೋರಿಸಲೆಂದು ಬಿಬಿಸಿಯ ‘ಕಮರ್ಷಿಯಲ್ ಬ್ರೇಕ್ಸ್’ ಸರಣಿಯ ತಂಡ ಕ್ಯಾಮೆರಾ ಹಿಡಿದು ಒಳಗೆ ಬಂದಿತ್ತು. ಅದು ಚಿತ್ರೀಕರಿಸಿಕೊಂಡದ್ದು ಸಾಲದಾತರ ಪರವಾಗಿ ಜಪ್ತಿಗೆ ಬಂದ ಅಧಿಕಾರಿಗಳನ್ನು.

ಈಗ ಶವವಿಚ್ಛೇದನಕ್ಕೆ ಬರೋಣ, ನನ್ನ ವಾದಕ್ಕೆ ಬೇಕಾದದ್ದು ಅಲ್ಲಿದೆ. ಇಮ್ಯಾಜಿನ್ ಎಂಬ ಹೆಸರನ್ನು ಮ್ಯಾಂಚೆಸ್ಟರಿನ ಓಷನ್ ಸಾಫ್ಟ್‌ವೇರ್ ಕೊಂಡುಕೊಂಡಿತು. ಬಿಬಿಸಿಯ ಅದೇ ಸಾಕ್ಷ್ಯಚಿತ್ರದಲ್ಲಿ ಬಾಳಿ ಬದುಕುವ ಕಂಪನಿಯಾಗಿ ಕಾಣಿಸಿಕೊಂಡದ್ದೂ ಓಷನ್ನೇ. ಆ ಹೆಸರಿನಡಿ ಅದು ‘ಹೈಪರ್ ಸ್ಪೋರ್ಟ್ಸ್’, ‘ಯೀ ಆರ್ ಕುಂಗ್-ಫು’, ‘ಗ್ರೀನ್ ಬೆರೆ’, ‘ಆರ್ಕನಾಯ್ಡ್’ ಮುಂತಾದ ಜಪಾನಿ ಆಟಗಳ ಗೃಹ ಕಂಪ್ಯೂಟರ್ ರೂಪಗಳನ್ನು ವರ್ಷಗಟ್ಟಲೆ ಮಾರಿತು. ಅನೇಕ ಹುಡುಗರು ಇಮ್ಯಾಜಿನ್ ಎಂದರೆ ಇದೇ ಎಂದುಕೊಂಡು ಬೆಳೆದರು. ಹಳೆಯ ಆಟಗಳ ಹಕ್ಕು ಬೋ ಜಾಲಿ ಎಂಬ ಇನ್ನೊಂದು ಕಂಪನಿಗೆ ಹೋಯಿತು. ಆಟ ಬರೆದ ಕೈಗಳಲ್ಲಿ ಹಲವು ಒಟ್ಟುಗೂಡಿ ಡೆಂಟನ್ ಡಿಸೈನ್ಸ್ ಎಂಬ ತಂಡ ಕಟ್ಟಿದವು. ‘ದ ಗ್ರೇಟ್ ಎಸ್ಕೇಪ್’ ಅವರ ಕೈಯಿಂದ ಬಂದದ್ದು. ಮುಗಿಯದ ಕನಸಿನ ಪಾಲು ಮತ್ತೊಂದು ದಿಕ್ಕಿಗೆ ಹೋಯಿತು: ಇಮ್ಯಾಜಿನ್‌ನಲ್ಲಿದ್ದ ಇಯಾನ್ ಹೆದರಿಂಗ್ಟನ್ ಮತ್ತು ಲಾಸನ್, ಜೊನಾಥನ್ ಎಲ್ಲಿಸ್ ಜೊತೆಗೂಡಿ ಲಿವರ್‌ಪೂಲಿನಲ್ಲೇ ಸಿಗ್ನೋಸಿಸ್ ಆರಂಭಿಸಿದರು. 1986ರಲ್ಲಿ ಬಂದ ಅದರ ಮೊದಲ ಆಟ ‘ಬ್ರಟಾಕಸ್’ ಬ್ಯಾಂಡರ್‌ಸ್ನ್ಯಾಚಿನ ಪುನರವತಾರ. ಸೈಕ್ಲಾಪ್ಸ್ ಆಟವಾಗಿ ಹುಟ್ಟಲೇ ಇಲ್ಲ. ಆ ಹೆಸರು ಮಾತ್ರ ಸಿಗ್ನೋಸಿಸ್‌ನ ಒಂದು ಉಪಮುದ್ರೆಯಾಗಿ ಕೆಲವು ಕಾಲ ಬಾಳಿತು. ಹೆಸರಿಗೊಂದು ಮನೆ, ಕೃತಿಗಳಿಗೊಂದು ಮನೆ, ಕೈಗಳಿಗೊಂದು, ಕನಸಿಗೊಂದು. ಮನೆ ಸಿಗದೆ ಉಳಿದದ್ದು ಒಂದೇ: ಮಾರಿದ ಆಸ್ತಿಯಿಂದ ತೀರದ ಸಾಲ ಮತ್ತು ಪೂರೈಸದ ಮಾತು.

ಯುರೋಪಿನ ತತ್ತ್ವಶಾಸ್ತ್ರದಲ್ಲಿ ಥೀಸಿಯಸ್‌ನ ಹಡಗಿನ ಪ್ರಶ್ನೆ ಹಳೆಯದು. ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಕೊನೆಗೆ ಉಳಿಯುವ ಹಡಗು ಅದೇ ಹಡಗೇ? ಥಾಮಸ್ ಹಾಬ್ಸ್ ಅದಕ್ಕೊಂದು ತಿರುವು ಕೊಟ್ಟ. ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಯಾರೋ ಎತ್ತಿಟ್ಟುಕೊಂಡು ಅದೇ ಕ್ರಮದಲ್ಲಿ ಮತ್ತೆ ಜೋಡಿಸಿದರೆ ಎರಡು ಹಡಗುಗಳಾದವಲ್ಲ, ನಿಜವಾದದ್ದು ಯಾವುದು? ಇಮ್ಯಾಜಿನ್ ಪ್ರಕರಣವನ್ನು ಈ ಒಗಟಿನ ಉದಾಹರಣೆಯಾಗಿ ಓದುವುದು ಸುಲಭ, ಹಾಗೆ ಓದುವವರೂ ಇದ್ದಾರು: ಓಷನ್‌ನ ಇಮ್ಯಾಜಿನ್ ನಿಜವೋ, ಡೆಂಟನ್ ನಿಜವೋ, ಸಿಗ್ನೋಸಿಸ್ ನಿಜವೋ ಎಂದು. ನನಗೆ ಈ ಓದು ಸಾಲದೆನಿಸುತ್ತದೆ. ಹಡಗಿನ ಒಗಟು ವಸ್ತುವನ್ನು ಕುರಿತದ್ದು. ಹಡಗು ಯಾರಿಗೂ ಮಾತು ಕೊಟ್ಟಿರುವುದಿಲ್ಲ. ಎರಡು ಹಡಗುಗಳಲ್ಲಿ ಯಾವುದು ಥೀಸಿಯಸ್‌ನದು ಎಂದು ತೀರ್ಮಾನಿಸದೆ ಬಿಟ್ಟರೆ ಲೋಕಕ್ಕೆ ನಷ್ಟವಿಲ್ಲ. ಹತ್ತು ಸಾವಿರ ಪೌಂಡ್ ಯಾರು ಕೊಡಬೇಕು ಎಂದು ತೀರ್ಮಾನಿಸದೆ ಬಿಟ್ಟರೆ ಒಬ್ಬರಿಗೆ ನಷ್ಟವಿದೆ. ಅನನ್ಯತೆಯ ಪ್ರಶ್ನೆಯನ್ನು ಹೊಣೆಯ ಪ್ರಶ್ನೆಯಾಗಿ ಕೇಳಿದ ಪರಂಪರೆ ಬೇಕಾದರೆ ನಾವು ಪೂರ್ವಕ್ಕೆ ಬರಬೇಕು.

‘ಮಿಲಿಂದ ಪನ್ಹ’ದಲ್ಲಿ ಭಿಕ್ಷು ನಾಗಸೇನ ಯವನ ದೊರೆ ಮಿಲಿಂದನಿಗೆ ರಥದ ದೃಷ್ಟಾಂತ ಕೊಟ್ಟದ್ದು ಎಲ್ಲರಿಗೂ ಗೊತ್ತು: ಗಾಲಿ, ಅಚ್ಚು, ನೊಗಗಳ ಆಚೆಗೆ ರಥವೆಂಬುದಿಲ್ಲ, ಹಾಗೆಯೇ ವ್ಯಕ್ತಿಯನ್ನು ಕಟ್ಟುವ ಐದು ರಾಶಿಗಳಾದ ಪಂಚಸ್ಕಂಧಗಳ ಆಚೆಗೆ ನಾಗಸೇನನೆಂಬವನಿಲ್ಲ. ಅಷ್ಟಕ್ಕೆ ಎಲ್ಲರೂ ಪುಸ್ತಕ ಮುಚ್ಚಿಡುತ್ತಾರೆ. ಮುಂದಿನ ಮಾತು ಹೆಚ್ಚು ಮುಖ್ಯವಾದದ್ದು. ನೆಲೆಯಾದ ಆತ್ಮ ಇಲ್ಲವಾದರೆ ಪಾಪಕ್ಕೆ ಹೊಣೆ ಇಲ್ಲವಾಯಿತಲ್ಲ ಎಂದು ದೊರೆ ಕೇಳುತ್ತಾನೆ. ನಾಗಸೇನ ಮಾವಿನ ಹಣ್ಣಿನ ಕಳ್ಳನನ್ನು ಮುಂದೆ ತರುತ್ತಾನೆ. ತೋಟದವನು ನೆಟ್ಟ ಮಾವು ಬೇರೆ, ನಾನು ಕದ್ದ ಮಾವು ಬೇರೆ, ಆದ್ದರಿಂದ ನಾನು ತಪ್ಪಿತಸ್ಥನಲ್ಲ ಎಂದು ಕಳ್ಳ ವಾದಿಸಿದರೆ ದೊರೆ ಬಿಡುತ್ತಾನೆಯೇ? ಬಿಡುವುದಿಲ್ಲ, ಏಕೆಂದರೆ ಮೊದಲ ಮಾವಿನಿಂದಲೇ ಎರಡನೆಯ ಮಾವು ಬಂದದ್ದು. ಊಟಕ್ಕೆಂದು ಹಚ್ಚಿದ ದೀಪ ಸೂರಿಗೆ ತಗುಲಿ ಊರೇ ಉರಿದುಹೋದಾಗ, ಊಟದ ಹೊತ್ತಿನ ಬೆಂಕಿ ಬೇರೆ, ಊರು ಸುಟ್ಟ ಬೆಂಕಿ ಬೇರೆ ಎನ್ನುವವನಿಗೂ ಅದೇ ಉತ್ತರ. ಬೌದ್ಧರ ಅನಾತ್ಮವಾದ ಹೊಣೆಯಿಂದ ಕಳಚಿಕೊಳ್ಳುವ ಉಪಾಯವಾಗಿರಲಿಲ್ಲ. ಆತ್ಮವನ್ನು ತೆಗೆದುಹಾಕಿದ ಕ್ಷಣವೇ ಅವರು ಸಂತಾನ ಎಂಬ ಹರಿವಿನ ಕಲ್ಪನೆಯನ್ನು ತಂದು, ಹೊಣೆ ಅದರ ಜೊತೆಗೆ ಹರಿದು ಬರುತ್ತದೆ ಎಂದರು.

ಎದುರಾಳಿಗಳು ಇದನ್ನು ಒಪ್ಪಲಿಲ್ಲ. ನೈಯಾಯಿಕರೂ ಮೀಮಾಂಸಕರೂ ಜೈನರೂ ಬೌದ್ಧರ ಮೇಲೆ ಹೊರಿಸಿದ ಜೋಡಿ ದೋಷಗಳಿಗೆ ಹೆಸರು ಕೃತನಾಶ ಮತ್ತು ಅಕೃತಾಭ್ಯಾಗಮ. ಮಾಡಿದ ಕರ್ಮ ಫಲ ಕೊಡದೆ ಅಳಿಯುವುದು ಮೊದಲನೆಯದು. ಮಾಡದ ಕರ್ಮದ ಫಲ ಯಾರದೋ ತಲೆಗೆ ಬರುವುದು ಎರಡನೆಯದು. ಕ್ಷಣಕ್ಷಣಕ್ಕೂ ಬದಲಾಗುವ ಹರಿವಿನಲ್ಲಿ ಮಾಡುವವನು ಒಬ್ಬ, ಉಣ್ಣುವವನು ಇನ್ನೊಬ್ಬ ಆಗಿಬಿಡುತ್ತಾನೆ ಎಂಬುದು ಆಕ್ಷೇಪ. ಇಲ್ಲಿ ನನ್ನ ಕುತೂಹಲ ಬೌದ್ಧರ ಉತ್ತರದ ರೀತಿಯಲ್ಲಿದೆ. ಎಂಟನೆಯ ಶತಮಾನದ ಶಾಂತರಕ್ಷಿತ ತನ್ನ ‘ತತ್ತ್ವಸಂಗ್ರಹ’ದಲ್ಲಿ ಕರ್ಮ ಮತ್ತು ಫಲದ ಸಂಬಂಧಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಕಾರ್ಯಕಾರಣದ ನಂಟು ಇರುವ ತನಕ ಈ ದೋಷ ತಟ್ಟದು ಎಂದು ವಾದಿಸಿದ. ಕೃತನಾಶವಾದರೇನಂತೆ ಎಂದು ಯಾವ ಬೌದ್ಧನೂ ಹೇಳಲಿಲ್ಲ. ಅಂದರೆ ಆತ್ಮ ಇದೆ ಎನ್ನುವವರೂ ಇಲ್ಲ ಎನ್ನುವವರೂ ಒಂದು ಮಾನದಂಡವನ್ನು ಸಮಾನವಾಗಿ ಒಪ್ಪಿಕೊಂಡಿದ್ದರು: ಯಾವುದನ್ನು ನೀವು ವ್ಯಕ್ತಿ ಎಂದು ಕರೆಯುತ್ತೀರೋ ಅದು ಮಾಡಿದ್ದರ ಫಲ ಹಿಂದಿರುಗಿ ಬಂದು ಸೇರುವ ಠಾವಾಗಿರಬೇಕು. ಜಗಳವಿದ್ದದ್ದು ಆ ಠಾವು ಗಟ್ಟಿಯಾದ ನೆಲವೋ ಹರಿಯುವ ನೀರೋ ಎಂಬುದರಲ್ಲಿ.

ಕಂಪನಿ ಎಂಬ ವ್ಯಕ್ತಿ ಈ ಪರೀಕ್ಷೆಯಲ್ಲಿ ಸೋಲುತ್ತದೆ, ಅದೂ ಎಡವಿ ಸೋಲುವುದಲ್ಲ. ಸೋಲಲೆಂದೇ ಅದನ್ನು ಕಟ್ಟಿದ್ದಾರೆ ಎಂಬುದು ನನ್ನ ವಾದ. ಬ್ರಿಟನ್ನಿನಲ್ಲಿ ಷೇರುದಾರರ ಹೊಣೆಗೆ ಮಿತಿ ಹಾಕುವ ಕಾಯಿದೆ ಬಂದದ್ದು 1855ರಲ್ಲಿ. 1896ರಲ್ಲಿ ಚರ್ಮದ ಬೂಟುಗಳ ವ್ಯಾಪಾರಿ ಆರನ್ ಸಾಲೊಮನ್ ಪ್ರಕರಣ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಕಂಪನಿಯ 20,007 ಷೇರುಗಳಲ್ಲಿ 20,001 ಅವನವೇ. ಉಳಿದ ಆರು ಅವನ ಹೆಂಡತಿ ಮಕ್ಕಳವು. ಕಂಪನಿ ಮುಳುಗಿದಾಗ, ಇದು ಸಾಲೊಮನ್‌ನದೇ ಇನ್ನೊಂದು ಮುಖ, ಅವನೇ ಸಾಲ ತೀರಿಸಬೇಕು ಎಂದು ಕೆಳಗಿನ ಎರಡು ನ್ಯಾಯಾಲಯಗಳೂ ಬೇರೆಬೇರೆ ಕಾರಣ ಕೊಟ್ಟು ಹೇಳಿದವು. ಲಾರ್ಡ್ಸ್ ಅದನ್ನು ತಿರುಗಿಸಿತು: ಕಂಪನಿ ಬೇರೆಯದೇ ವ್ಯಕ್ತಿ, ಅದರ ಸಾಲ ಅದರದು. ಅಂದಿನಿಂದ ಈ ವ್ಯಕ್ತಿ ಸೌಕರ್ಯಕ್ಕೆ ತಕ್ಕ ಹಾಗೆ ಎರಡು ದರ್ಶನಗಳ ನಡುವೆ ಓಡಾಡುತ್ತದೆ. ಆಸ್ತಿ ಹೊಂದುವಾಗ, ಕರಾರು ಬರೆಯುವಾಗ, ದಾವೆ ಹೂಡುವಾಗ ಅದು ಆತ್ಮವಾದಿ. ನಿರ್ದೇಶಕರು ಬದಲಾದರೂ ಷೇರುದಾರರು ಸತ್ತರೂ ತಾನು ಅದೇ ಎನ್ನುತ್ತದೆ. ಸಾಲ ತೀರಿಸಲಾಗದ ಗಳಿಗೆಯಲ್ಲಿ ಅದು ಅನಾತ್ಮವಾದಿಯಾಗಿ, ಗಾಲಿ, ಅಚ್ಚು, ನೊಗಗಳಾಗಿ ಬಿಡಿಬಿಡಿಯಾಗಿ ಹಂಚಿಹೋಗುತ್ತದೆ. ನಾಗಸೇನನ ಅನಾತ್ಮವೂ ಅಲ್ಲ ಅದು, ಏಕೆಂದರೆ ನಾಗಸೇನ ಉಳಿಸಿಕೊಂಡ ಹರಿವನ್ನು ಅದು ಉಳಿಸಿಕೊಳ್ಳುವುದಿಲ್ಲ. ದೀಪ ಹಚ್ಚಿದವನು ಎದುರಿಗೇ ನಿಂತಿರುತ್ತಾನೆ, ಸುಟ್ಟ ಊರೂ ಕಾಣುತ್ತಿರುತ್ತದೆ, ಆದರೂ ಬೆಂಕಿ ಬೇರೆ ಎಂಬ ಅವನ ವಾದವನ್ನು ನ್ಯಾಯಾಲಯ ಒಪ್ಪುತ್ತದೆ.

ಮೊದಲ ಆಕ್ಷೇಪ ಸಹಜವಾದದ್ದು. ಕರ್ಮಸಿದ್ಧಾಂತ ಪರಲೋಕದ ವಿಷಯ, ಕಂಪನಿ ಕಾಯಿದೆ ಸಂತೆಯ ವಿಷಯ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ಸರಿಯೇ? ಆದರೆ ನಾನಿಲ್ಲಿ ಪುನರ್ಜನ್ಮವನ್ನಾಗಲಿ ಕರ್ಮದ ಕಾಣದ ಬಲವಾದ ಅದೃಷ್ಟವನ್ನಾಗಲಿ ಎರವಲು ತಂದಿಲ್ಲ. ತಂದಿರುವುದು ಒಂದು ತಾರ್ಕಿಕ ನಿಯಮವನ್ನು ಮಾತ್ರ. ಅಲ್ಲದೆ ಈ ಎರಡು ಲೋಕಗಳು ನಮ್ಮಲ್ಲಿ ಎಂದೂ ಅಷ್ಟು ದೂರ ಇರಲಿಲ್ಲ. ಇಂದಿನ ಬಸವಕಲ್ಯಾಣ, ಅಂದಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಕನ್ನಡ ನೆಲದಲ್ಲಿ ಹುಟ್ಟಿ ಬಂಗಾಳವೊಂದನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ನ್ಯಾಯವನ್ನು ಆಳಿದ ಗ್ರಂಥ ಅದು. ಅದು ವ್ಯಾಖ್ಯಾನಿಸುವ ಸ್ಮೃತಿಯಲ್ಲಿ ಋಣಾದಾನ ಎಂಬ ಪ್ರಕರಣವಿದೆ, ಸತ್ತವನ ಸಾಲವನ್ನು ಯಾರು ಕೊಡಬೇಕೆಂಬ ವಿಚಾರವೂ ಅಲ್ಲಿದೆ. ಮಗ ಕೊಡಬೇಕು, ಆಸ್ತಿಯನ್ನು ತೆಗೆದುಕೊಂಡವನು ಸಾಲವನ್ನೂ ತೆಗೆದುಕೊಳ್ಳಬೇಕು. ತಂದೆಯ ಋಣ ತೀರಿಸುವುದು ಮಗನ ಧರ್ಮ ಎಂಬ ಈ ನಿಯಮವನ್ನು ಬ್ರಿಟಿಷರ ನ್ಯಾಯಾಲಯಗಳೂ ಜಾರಿ ಮಾಡಿದವು. ಮುಂದಿನ ಸಾಲಗಳ ಮಟ್ಟಿಗೆ ಅದನ್ನು ತೆಗೆದುಹಾಕಿದ್ದು ತೀರ ಈಚೆಗೆ, ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ. ತೆಗೆದದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು. ಹುಟ್ಟಿದ ತಪ್ಪಿಗೆ ಮಗ ಯಾಕೆ ಸಾಲಗಾರನಾಗಬೇಕು? ಅದೂ ಅಕೃತಾಭ್ಯಾಗಮವೇ.

ಆದರೆ ಆ ಹಳೆಯ ನಿಯಮದಲ್ಲಿ ಒಂದು ವಿನಾಯಿತಿ ಇತ್ತು, ನನ್ನ ಗಮನ ಹೋಗುವುದು ಅತ್ತ. ಕುಡಿತಕ್ಕೆ, ಕಾಮಕ್ಕೆ, ಜೂಜಿಗೆ ಮಾಡಿದ ಸಾಲ, ಬಾಕಿ ಉಳಿದ ದಂಡ ಮತ್ತು ಶುಲ್ಕ, ವ್ಯರ್ಥವಾಗಿ ಕೊಡುತ್ತೇನೆಂದ ದಾನ, ಇವು ಮಗನಿಗೆ ತಟ್ಟುವುದಿಲ್ಲ. ಹೊಣೆಗೆ ಮಿತಿ ಹಾಕುವ ವಿದ್ಯೆ 1855ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ ಎಂದಾಯಿತು. ವ್ಯತ್ಯಾಸವಿರುವುದು ಮಿತಿಯ ಗೆರೆ ಎಳೆಯುವ ಜಾಗದಲ್ಲಿ. ಸ್ಮೃತಿಕಾರರು ಸಾಲ ಎಂಥದು, ಯಾತಕ್ಕಾಗಿ ಮಾಡಿದ್ದು ಎಂದು ನೋಡಿ ಗೆರೆ ಎಳೆದರು. ಆಧುನಿಕ ಕಾಯಿದೆ ಸಾಲಗಾರ ಎಂಥವನು ಎಂದು ನೋಡಿ ಗೆರೆ ಎಳೆಯಿತು. ಬೇಕರಿ ನಡೆಸುವ ಒಂಟಿ ವ್ಯಾಪಾರಿ ಹಿಟ್ಟಿನ ಬಾಕಿಗೆ ತನ್ನ ಮನೆಯನ್ನೂ ಕಳೆದುಕೊಳ್ಳಬಹುದು. ಅದೇ ಬೇಕರಿಯನ್ನು ಕಂಪನಿಯಾಗಿ ನೋಂದಾಯಿಸಿದ್ದರೆ ಮನೆ ಉಳಿಯುತ್ತದೆ. ಹಿಟ್ಟು ಅದೇ, ಬ್ರೆಡ್ಡು ಅದೇ, ನಡೆಸಿದವನೂ ಅವನೇ. ಪ್ರತಿಸ್ಪರ್ಧಿಗಳನ್ನು ಹೊಸಕಿಹಾಕಲು ನಕಲು ಕಾರ್ಖಾನೆಗಳನ್ನು ಕಾದಿರಿಸಿದ ಸಾಲವನ್ನೂ ನೌಕರರ ಸಂಬಳದ ಸಾಲವನ್ನೂ ಧರ್ಮಶಾಸ್ತ್ರಿಯೊಬ್ಬ ಎದುರಿಗಿಟ್ಟುಕೊಂಡಿದ್ದರೆ ಒಂದು ಜೂಜು, ಒಂದು ಋಣ ಎಂದು ವಿಂಗಡಿಸುತ್ತಿದ್ದನೇನೋ. ಕಂಪನಿ ಸಾಯುವಾಗ ಸಂಬಳದ ಬಾಕಿಗೆ ಆದ್ಯತೆ ಕೊಡುವಷ್ಟರ ಮಟ್ಟಿಗೆ ಇಂದಿನ ಕಾಯಿದೆಯೂ ವಿಂಗಡಿಸುತ್ತದೆ, ನಿಜ. ಆದರೆ ಆ ವಿಂಗಡಣೆ ಸಿಕ್ಕಷ್ಟನ್ನು ಹಂಚುವ ಸರದಿಯನ್ನು ಕುರಿತದ್ದು, ಹೊಣೆ ಉಳಿಯುತ್ತದೆಯೇ ಎಂಬುದನ್ನು ಕುರಿತದ್ದಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಕಂಪನಿಯ ಹೊಣೆಗೆ ಮಿತಿಯಿದೆ ಎಂದು ಅದರ ಹೆಸರಿನ ಬಾಲದಲ್ಲೇ ಲಿಮಿಟೆಡ್ ಎಂದು ಬರೆದಿರುತ್ತದೆ. ಗೊತ್ತಿದ್ದೇ ಸಾಲ ಕೊಟ್ಟವರು ಕೊನೆಗೆ ಹಣ ಬರಲಿಲ್ಲವೆಂದು ಗೊಣಗುವುದೇಕೆ? ಅಪಾಯವನ್ನು ಅವರು ಬಡ್ಡಿಯಲ್ಲೋ ಬೆಲೆಯಲ್ಲೋ ಮೊದಲೇ ವಸೂಲು ಮಾಡಿಕೊಂಡಿರುತ್ತಾರೆ. ಇದರಾಚೆಗೆ, ಈ ಮಿತಿ ಇಲ್ಲದಿದ್ದರೆ ಲಿವರ್‌ಪೂಲಿನ ಆ ಯುವಕರು ಆಟ ಪ್ರಕಟಿಸುವ ಧೈರ್ಯ ಮಾಡುತ್ತಲೇ ಇರಲಿಲ್ಲ, ಸಿಗ್ನೋಸಿಸ್ ಹುಟ್ಟುತ್ತಿರಲಿಲ್ಲ, ಅದು 1991ರಲ್ಲಿ ಪ್ರಕಟಿಸಿದ ‘ಲೆಮಿಂಗ್ಸ್’ ಅನ್ನು ಕೋಟ್ಯಂತರ ಜನ ಆಡುತ್ತಿರಲಿಲ್ಲ. ಬ್ಯಾಂಕಿನ ಮಟ್ಟಿಗೆ, ದೊಡ್ಡ ಪೂರೈಕೆದಾರರ ಮಟ್ಟಿಗೆ ನಾನು ಈ ವಾದವನ್ನು ಒಪ್ಪುತ್ತೇನೆ. ಉದ್ಯಮಕ್ಕೆ ಇದರಿಂದ ಆಗಿರುವ ಒಳಿತನ್ನು ಅಲ್ಲಗಳೆಯುವುದೂ ಕುರುಡಾದೀತು. ಆದರೆ ವಾದ ಸಾಬೀತು ಮಾಡುವುದು ಏನನ್ನು? ಮಿತಿಯುಳ್ಳ ಹೊಣೆ ಒಂದು ಉಪಯುಕ್ತ ಒಪ್ಪಂದ ಎಂಬುದನ್ನು. ಕಂಪನಿ ಒಬ್ಬ ವ್ಯಕ್ತಿ ಎಂಬುದನ್ನು ಅದು ಸಾಬೀತು ಮಾಡುವುದಿಲ್ಲ, ಬದಲಿಗೆ ಬುಡಮೇಲು ಮಾಡುತ್ತದೆ. ಒಪ್ಪಂದವೆಂದರೆ ಮನುಷ್ಯರು ಮನುಷ್ಯರ ಜೊತೆ ಮಾಡಿಕೊಂಡದ್ದು. ನಮ್ಮ ಕೈ ಮೀರಿದರೆ ನಮ್ಮನ್ನು ಕೇಳಬೇಡಿ ಎಂದು ಇವರು ಅವರಿಗೆ ಹೇಳಿದ್ದು. ಹಾಗೆ ನೇರವಾಗಿ ಹೇಳುವುದಾದರೆ ಕೃತನಾಶದ ಪ್ರಶ್ನೆಯೇ ಏಳುವುದಿಲ್ಲ. ನಾವು ಮಾಡಲಿಲ್ಲ, ಅದು ಮಾಡಿತು, ಅದು ಈಗಿಲ್ಲ ಎಂದಾಗ ಏಳುತ್ತದೆ. ಇನ್ನು ಜಾಹೀರಾತು ನೋಡಿ ಸೈಕ್ಲಾಪ್ಸ್‌ಗಾಗಿ ಕಾದು ಕೂತ ಹುಡುಗನೊಬ್ಬ ಯಾವ ಬಡ್ಡಿಯಲ್ಲಿ ತನ್ನ ಅಪಾಯವನ್ನು ವಸೂಲು ಮಾಡಿಕೊಂಡಿದ್ದ? ಅವನಿಗೆ ಹಣದ ನಷ್ಟವಾಗಿಲ್ಲ, ಕಾನೂನಿನ ಕಣ್ಣಿಗೆ ಅವನು ಸಾಲದಾತನೇ ಅಲ್ಲ. ಆದರೂ ಅವನಿಗೆ ಮಾತು ಕೊಡಲಾಗಿತ್ತು, ಅದನ್ನು ನಾಲ್ಕು ಮುಖಗಳು ಚಿತ್ರದೊಳಗಿಂದ ಕೊಟ್ಟಿದ್ದವು.

ಧಾರ್ಮಿಕ ಮನಸ್ಸಿನವರು ಎತ್ತಬಹುದಾದ ಆಕ್ಷೇಪವೊಂದಿದೆ, ನಾನು ಅತಿ ಹೆಚ್ಚು ಗೌರವಿಸುವುದು ಅದನ್ನೇ. ಸಾಲವನ್ನು ಕೊನೆತನಕ ಬೆನ್ನಟ್ಟುವುದು ಧರ್ಮವೇ? ಬೈಬಲ್ಲಿನ ಧರ್ಮೋಪದೇಶಕಾಂಡ ಏಳು ವರ್ಷಕ್ಕೊಮ್ಮೆ ನೆರೆಯವನ ಸಾಲವನ್ನು ಬಿಟ್ಟುಬಿಡಬೇಕೆಂದು ವಿಧಿಸುತ್ತದೆ. ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗರ ಕುತ್ತಿಗೆಗೆ ಜಾಹೀರಾತಿನ ಬಿಲ್ಲನ್ನು ಜೀವಮಾನವಿಡೀ ನೇತುಹಾಕುವ ಲೋಕಕ್ಕಿಂತ, ಸೋತವರಿಗೆ ಮತ್ತೆ ಶುರು ಮಾಡಲು ಬಿಡುವ ಲೋಕ ಮೇಲಲ್ಲವೇ? ಖಂಡಿತ ಮೇಲು. ಆದರೆ ಮನ್ನಾ ಬೇರೆ, ಮಾಯವಾಗುವುದು ಬೇರೆ. ಮನ್ನಾ ಮಾಡಲು ಎದುರಿಗೊಬ್ಬ ಸಾಲಗಾರ ಇರಬೇಕು, ನನ್ನದು ಬಾಕಿಯಿದೆ ಎಂದು ಅವನು ಒಪ್ಪಿಕೊಳ್ಳಬೇಕು, ಕೊಟ್ಟವನು ಬಿಟ್ಟೆ ಎನ್ನಬೇಕು. ಇಬ್ಬರ ನಡುವೆ ನಡೆಯುವ ಕ್ರಿಯೆ ಅದು. ಕಂಪನಿಯ ವಿಸರ್ಜನೆಯಲ್ಲಿ ಸಾಲ ಕೊಟ್ಟವನಿಗೆ ಕ್ಷಮಿಸುವ ಅವಕಾಶವೂ ಇಲ್ಲ. ಕ್ಷಮಿಸಲು ಹೋದರೆ ಅಲ್ಲಿ ಯಾರೂ ಇಲ್ಲ. ಇಸ್ಲಾಮಿನ ಪರಂಪರೆಯಲ್ಲಿ ಈ ಅಂತರ ಎಷ್ಟು ಸೂಕ್ಷ್ಮವಾಗಿ ಉಳಿದಿದೆ ನೋಡಿ. ಸಾಲ ಉಳಿಸಿ ಸತ್ತವನೊಬ್ಬನ ಅಂತ್ಯದ ನಮಾಜಿಗೆ ಪ್ರವಾದಿ ಮುಹಮ್ಮದರು ನಿಲ್ಲಲಿಲ್ಲ, ಅಬೂ ಕತಾದಾ ಎಂಬ ಸಂಗಾತಿ ಆ ಸಾಲ ನನ್ನ ಮೇಲಿರಲಿ ಎಂದು ವಹಿಸಿಕೊಂಡ ಮೇಲೆ ನಿಂತರು ಎಂದು ಬುಖಾರಿಯವರ ಹದೀಸ್ ಸಂಗ್ರಹ ಹೇಳುತ್ತದೆ. ಅಲ್ಲಿ ಸತ್ತವನನ್ನು ಶಿಕ್ಷಿಸುವ ಉದ್ದೇಶ ಕಾಣುವುದಿಲ್ಲ. ಒಬ್ಬನ ಬಾಕಿಗೆ ಇನ್ನೊಬ್ಬ ಮನುಷ್ಯನ ದನಿ ಸಿಗುವ ತನಕ ಲೆಕ್ಕ ಮುಗಿಯಿತು ಎನ್ನಲು ಅವರು ಒಪ್ಪಲಿಲ್ಲ, ಅಷ್ಟೇ.

ಓಷನ್ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ಅದು ಹೆಸರನ್ನು ಕದಿಯಲಿಲ್ಲ, ಬೆಲೆ ಕೊಟ್ಟು ಕೊಂಡಿತು. ಆಸ್ತಿ ತೆಗೆದುಕೊಂಡವನು ಸಾಲ ಕೊಡಬೇಕು ಎಂಬ ಸ್ಮೃತಿಯ ಮಾತು ವಾರಸುದಾರನಿಗೇ ಹೊರತು ಖರೀದಿದಾರನಿಗಲ್ಲ. ನನ್ನ ಪ್ರಶ್ನೆ ಓಷನ್‌ನ ನಡತೆಯನ್ನು ಕುರಿತದ್ದಲ್ಲ, ಅದು ಕೊಂಡ ಸರಕನ್ನು ಕುರಿತದ್ದು. ಹೆಸರಿಗೆ ಬೆಲೆ ಬಂದದ್ದು ‘ಆರ್ಕೇಡಿಯಾ’ದಿಂದ, ಜಾಹೀರಾತುಗಳಿಂದ, ಅಂದರೆ ಬಾಕಿ ಉಳಿದ ಬಿಲ್ಲುಗಳು ಕೂಡ ಆ ಬೆಲೆಯನ್ನು ಕಟ್ಟಿದ್ದವು. ಹೆಸರಿನಿಂದ ಕೀರ್ತಿಯನ್ನು ಸುಲಿದು ಮಾರಿ, ಅಪಕೀರ್ತಿಯನ್ನು ಸತ್ತವನ ಜೊತೆ ಹೂಳಬಹುದು ಎಂಬ ನಂಬಿಕೆ ಎಲ್ಲಿಂದ ಬಂತು? ಪುಣ್ಯವನ್ನು ಧಾರೆ ಎರೆಯಬಹುದೆಂದು ನಂಬಿದ ಪರಂಪರೆಗಳೂ ಪಾಪವನ್ನು ಮಾತ್ರ ಹಿಂದೆ ಬಿಟ್ಟು ಹೊರಡಬಹುದೆಂದು ಹೇಳಲಿಲ್ಲ.

ಕಾನೂನಿಗೂ ಇದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಬ್ರಿಟನ್ನಿನ 1986ರ ದಿವಾಳಿ ಕಾಯಿದೆಗೆ ಇಮ್ಯಾಜಿನ್ ಕಾರಣವಲ್ಲ, ಅದರ ಚರ್ಚೆ ಅದಕ್ಕೂ ಮೊದಲೇ ಶುರುವಾಗಿತ್ತು. ಆದರೂ ಅದರ ಎರಡು ಕಲಮುಗಳನ್ನು ಈ ಪ್ರಕರಣದ ಬೆಳಕಿನಲ್ಲಿ ಓದಬಹುದು. ದಿವಾಳಿ ತಪ್ಪದು ಎಂದು ತಿಳಿದೂ ವ್ಯವಹಾರ ಮುಂದುವರಿಸಿದ ನಿರ್ದೇಶಕರು ಕೈಯಿಂದ ಹಣ ಕಟ್ಟಬೇಕಾದೀತು ಎನ್ನುತ್ತದೆ 214ನೆಯ ಕಲಮು. ದಿವಾಳಿಯಾದ ಕಂಪನಿಯ ನಿರ್ದೇಶಕರಾಗಿದ್ದವರು ಅದೇ ಹೆಸರಿನಲ್ಲೋ ಹತ್ತಿರದ ಹೆಸರಿನಲ್ಲೋ ಐದು ವರ್ಷ ವ್ಯಾಪಾರ ಮಾಡಕೂಡದು ಎನ್ನುತ್ತದೆ 216ನೆಯದು, ಕೆಲವು ವಿನಾಯಿತಿಗಳೊಂದಿಗೆ. ಹೊರಗಿನವನು ಹೆಸರನ್ನು ಕೊಳ್ಳಬಹುದು, ಹೊತ್ತವರು ಮಾತ್ರ ಮತ್ತೆ ಹೊರಕೂಡದು. ಸಂತಾನದ ಹರಿವು ಎಲ್ಲಿದೆ ಎಂದು ಕಾನೂನು ಇಲ್ಲಿ ಬಾಯಿಬಿಟ್ಟು ಹೇಳಿದೆ: ಹೆಸರಿನಲ್ಲಿಲ್ಲ, ನಡೆಸಿದವರಲ್ಲಿದೆ. ನಮ್ಮ ದೇಶದ 2016ರ ದಿವಾಳಿ ಸಂಹಿತೆಗೆ 2020ರಲ್ಲಿ ಸೇರಿಸಿದ 32ಎ ಕಲಮು ಇನ್ನೂ ಸ್ಪಷ್ಟ. ಮುಳುಗಿದ ಕಂಪನಿಯನ್ನು ಹೊಸಬರು ವಹಿಸಿಕೊಂಡು ಆಡಳಿತ ಬದಲಾದರೆ, ಹಿಂದಿನ ಅಪರಾಧಕ್ಕೆ ಕಂಪನಿಯನ್ನು ಶಿಕ್ಷಿಸುವಂತಿಲ್ಲ. ಆ ಅಪರಾಧ ನಡೆದಾಗ ಹೊಣೆ ಹೊತ್ತಿದ್ದವರನ್ನು ಶಿಕ್ಷಿಸಬಹುದು. ಹೆಸರು ಅದೇ, ಕಾರ್ಖಾನೆ ಅದೇ, ನೋಂದಣಿ ಸಂಖ್ಯೆಯೂ ಅದೇ, ಆದರೂ ಪಾಪ ಕಂಪನಿಯನ್ನು ಬಿಟ್ಟು ಮನುಷ್ಯರ ಬೆನ್ನು ಹಿಡಿದು ಹೋಗುತ್ತದೆ. ಮಾವಿನ ಕಳ್ಳನ ತರ್ಕವನ್ನು ಸಂಸತ್ತು ತಿರಸ್ಕರಿಸಿದೆ ಎನ್ನಬಹುದು. ಆದರೆ ತಿರಸ್ಕರಿಸಿದ್ದು ಅಪರಾಧದ ಮಟ್ಟಿ​ಗೆ ಮಾತ್ರ. ಅದೇ ಸಂಹಿತೆಯಡಿ ಸಾಲದಾತರು ರೂಪಾಯಿಗೆ ಕೆಲವಾಣೆ ಪಡೆದು ಎದ್ದು ಹೋಗುವಾಗ ಉಳಿದ ಆಣೆಗಳು ಯಾರ ಬೆನ್ನನ್ನೂ ಹಿಡಿಯುವುದಿಲ್ಲ; ಪ್ರವರ್ತಕರು ತಮ್ಮ ಹೆಸರಿನಲ್ಲೇ ಜಾಮೀನು ಬರೆದುಕೊಟ್ಟಿದ್ದರೆ ಅದು ಬೇರೆ ಮಾತು, ಅಂಥ ಜಾಮೀನುದಾರರನ್ನು ಹಿಡಿಯಬಹುದೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಆ ಪ್ರಕರಣಗಳಲ್ಲಿ ಬ್ಯಾಂಕುಗಳು ಮೊದಲೇ ಕೇಳಿ ಪಡೆದಿದ್ದದ್ದು ಏನೆಂದು ಯೋಚಿಸಿದರೆ, ಕಂಪನಿ ವ್ಯಕ್ತಿಯೆಂಬ ಸಿದ್ಧಾಂತವನ್ನು ಸಾಲ ಕೊಡುವ ಬ್ಯಾಂಕೇ ನಂಬಿರಲಿಲ್ಲ ಎಂಬುದು ಕಾಣುತ್ತದೆ; ಅದು ಕೇಳಿದ್ದು ಒಬ್ಬ ಮನುಷ್ಯನ ರುಜುವನ್ನು.